ಉಪ್ಪಿಲ್ಲದ ಪಲ್ಯ

“ಕಿಡ್ನಿ ಸೋತಾಗ ರಕ್ತದ ಕಲ್ಮಶ ಮಿದುಳಿಗೂ ಮಂಕು ಕವಿಸುತ್ತೆ. ಯಜಮಾನರ ಮಾತು ಎಂದಿನ ಹಾಗಿಲ್ಲ ಅನ್ನಿಸಿದ್ರೆ ತಕ್ಷಣ ಕರ್ಕೊಂಡು ಬನ್ನಿ” ಎಂದು ಡಾಕ್ಟರು ವಿಶಾಲಾಕ್ಷಮ್ಮನಿಗೆ ಒತ್ತಿ ಹೇಳಿದ್ದರು.

ಗುರುವಾರ ಮಧ್ಯಾಹ್ನ, ಎರಡು ಸಲ ಬೇಯಿಸಿ ನೀರು ಬಸಿದ, ಉಪ್ಪಿಲ್ಲದ ಬೀನ್ಸ್ ಪಲ್ಯವನ್ನು ಬಾಯಿಗಿಟ್ಟುಕೊಂಡ ಗಂಡ, “ಎಷ್ಟು ಚೆನ್ನಾಗಿ ಮಾಡಿದೀಯೇ! ನೀನೂ ಕೂತ್ಕೊ, ಜೊತೇಲೇ ಊಟ ಮಾಡೋಣ” ಎಂದರು.

ವಿಶಾಲಾಕ್ಷಮ್ಮ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಬಿಟ್ಟರು. ಕೈ ತೊಳೆಯಲೂ ಬಿಡದೆ ಅವರನ್ನು ಆಟೊ ಹತ್ತಿಸಿದರು.

“ನಂಗೇನೂ ಆಗಿಲ್ಲ ಕಣೇ!”

“ನೀವು ಸುಮ್ನಿರಿ. ಮಂಕು ಕವಿದೋರಿಗೆ ಗೊತ್ತಾಗಲ್ಲ.”

ರಕ್ತಪರೀಕ್ಷೆಯ ವರದಿ ನೋಡಿ, ನಾಲ್ಕಾರು ಪ್ರಶ್ನೆ ಕೇಳಿ, ಡಾಕ್ಟರು ನಕ್ಕರು. “ಇವರ ತಲೆ ನೆಟ್ಟಗಿದೆಯಮ್ಮ. ಮನಸಾರೆ ಹೊಗಳಿದ್ದಾರೆ, ಅಷ್ಟೇ.”

ವಿಶಾಲಾಕ್ಷಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹಾಗಾದ್ರೆ ಡಾಕ್ಟ್ರೇ, ಈ ಮೂವತ್ತು ವರ್ಷ ಇವರಿಗೆ ಏನಾಗಿತ್ತು?”