ಮೂಲ ಪ್ರತಿ

"ಈ ಡಿಸ್ಕ್ ಓದಲು ಆಗುತ್ತಿಲ್ಲ. ಫಾರ್ಮ್ಯಾಟ್ ಮಾಡಲೇ?" ಎಂದು ಕಂಪ್ಯೂಟರ್ ಕೇಳಿತು. ಪುರಸಭೆಯ ದ್ವೀಪದ ಶಾಖಾ ಕಚೇರಿಯ ಗುಮಾಸ್ತ ನಿಶಿವಾಕಿ ಹೂಂ ಎನ್ನಲು ಬೆರಳು ಮುಂದೆ ಮಾಡಿದ. ಹಿಸಾಯೊ ಆ ಕೈಮೇಲೆ ಫಟಾರನೆ ಒಂದು ಬಿಟ್ಟಳು. ಎಪ್ಪತ್ತೆರಡರ ಮುದುಕಿಯಾದರೇನು, ಐವತ್ತು ವರ್ಷ ಕಡಲ ಬಂಡೆಯಿಂದ ಚಿಪ್ಪು ಕಿತ್ತ ಕೈ ಅದು.

"ಅಳಿಸಿ ಹಾಕ್ತಿದ್ಯಲ್ಲೋ ಪುಣ್ಯಾತ್ಮ!"

"ಇದರಲ್ಲಿ ಅಳಿಸೋಕೆ ಏನಿದೆ ಅಜ್ಜಿ? ಕಂಪ್ಯೂಟರಿಗೆ ಏನೂ ಕಾಣ್ತಿಲ್ಲ."

"ನಮ್ಮನೆ ಟಿವಿಗೆ ಚುಚ್ಚಿದ್ರೆ ಎಲ್ಲಾ ಕಾಣತ್ತೆ. ಎಂಟು ವರ್ಷದ ಹಿಂದೆ ನಿನ್ನ ಮೇಯರು ಸಭೆಯಲ್ಲಿ ಎದ್ದು ನಿಂತು, 'ನಾನಿರೋವರೆಗೂ ಈ ದ್ವೀಪದ ಆಸ್ಪತ್ರೆಗೆ ಬೀಗ ಬೀಳಲ್ಲ' ಅಂದಿದ್ದು. ಕೇಬಲ್‌ನಲ್ಲಿ ನೇರ ತೋರಿಸಿದ್ರು. ನಮ್ಮವರು ರೆಕಾರ್ಡ್ ಮಾಡಿಟ್ಟಿದಾರೆ. ಈಗ ಅದೇ ಆಸ್ಪತ್ರೆ ಮುಚ್ತೀವಿ ಅಂತೀರಲ್ಲ?"

ಅವಳು ತನ್ನ ಫೋನು ತೆಗೆದು, ಮನೆಯ ಟಿವಿಯಿಂದ ಹಿಡಿದ ದೃಶ್ಯ ತೋರಿಸಿದಳು. ನಿಶಿವಾಕಿ ನೋಡಿದ, ಮುಗುಳ್ನಕ್ಕ. "ಫೋನಲ್ಲಿ ಹಿಡಿದಿದ್ದು ನಡೆಯಲ್ಲ. ಈಗಿನ ಕಾಲದಲ್ಲಿ ಯಾರ ಬಾಯಿಗೆ ಯಾವ ಮಾತು ಬೇಕಾದ್ರೂ ತುರುಕಬಹುದು. ನಡಾವಳಿ ಪುಸ್ತಕದಲ್ಲಂತೂ ಆ ಮಾತಿಲ್ಲ. ನಾಳೆ ಹತ್ತಕ್ಕೆ ಇಲ್ಲಿನ ಸಭೆಗೆ ಮೇಯರ್ ಹೊಸೊಮಿ ಅವರೇ ದೋಣಿಯಲ್ಲಿ ಬರ್ತಾರೆ. ಅಷ್ಟರಲ್ಲಿ ಮೂಲ ತನ್ನಿ, ಒಪ್ಪಿಕೊಳ್ಳೋಣ."

ಮನೆಯಲ್ಲಿ ಗಂಡ ಗಿಂಜೋ ಎದೆಯ ಮೇಲೆ ಕೈಯಿಟ್ಟುಕೊಂಡು ಟಿವಿಯ ಮುಂದೆಯೇ ಕೂತಿದ್ದ. ಅವನಿಗೆ ರೆಕಾರ್ಡ್ ಮಾಡುವ ಹುಚ್ಚು. ಕುಸ್ತಿ, ಹವಾಮಾನ, ಪುರಸಭೆಯ ಜಗಳ, ಏನು ಬಂದರೂ ಹಿಡಿದು, ತಾರೀಕು ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. "ಯಾರು ನೋಡ್ತಾರೆ ಈ ಕಸಾನ?" ಎಂದು ಹಿಸಾಯೊ ವರ್ಷಗಟ್ಟಲೆ ಬೈದಿದ್ದಳು. ಆಮೇಲೆ ಹೋದ ಚಳಿಗಾಲ, ಬಿರುಗಾಳಿಗೆ ದೋಣಿ ನಿಂತ ದಿನವೇ ಅವನ ಎದೆ ಹಿಡಿದುಕೊಂಡಿತು. ಆ ಪುಟ್ಟ ಆಸ್ಪತ್ರೆ ಇಲ್ಲದಿದ್ದರೆ ಇವತ್ತು ಬೈಯಲು ಗಂಡನೇ ಇರುತ್ತಿರಲಿಲ್ಲ.

"ಡಿಸ್ಕ್ ಒಂದನ್ನೇ ಒಯ್ದರೆ ಏನು ಬಂತು ಕಣೇ? ಅದು ಈ ಟಿವಿ ಬಿಟ್ಟು ಬೇರೆಯವರ ಮುಖ ನೋಡಲ್ಲ. ಹಾಗೇ ಮಾಡಿಟ್ಟಿದಾರೆ ಕಂಪನಿಯವರು."

"ಹಾಗಾದ್ರೆ ಟಿವಿನೇ ಹೋಗ್ಲಿ."

ಗಿಂಜೋ ಬೆಚ್ಚಿದ. "ಹಳೇದು ಕಣೇ. ದಾರಿಯಲ್ಲಿ ಒಂದು ಏಟು ಬಿದ್ರೆ ಮುಗೀತು, ಇಷ್ಟು ವರ್ಷ ಕೂಡಿಟ್ಟಿದ್ದೆಲ್ಲಾ ಮಣ್ಣುಪಾಲು."

"ರೀ, ನಿಮ್ಮನ್ನೇ ಕಳಕೊಂಡ ಮೇಲೆ ನಿಮ್ಮ ಕುಸ್ತಿ ಇಟ್ಕೊಂಡು ನಾನೇನು ಮಾಡ್ಲಿ?"

ಗಿಂಜೋ ಬಗ್ಗಿ, ತಂತಿಗಳನ್ನು ಒಂದೊಂದಾಗಿ ತಾನೇ ಬಿಚ್ಚಿಕೊಟ್ಟ.

ಮರುದಿನ ಹತ್ತಕ್ಕೆ ಸಭೆಯಲ್ಲಿ ಮೇಯರ್ ಹೊಸೊಮಿ ಮೈಕಿನ ಮುಂದೆ ಪುರಸಭೆಯ ಹಣದ ಕಷ್ಟ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆ ಉಳಿಸುವ ಮಾತನ್ನು ತಾವು ಯಾವತ್ತೂ ಕೊಟ್ಟಿಲ್ಲ ಎಂದರು. ಅಷ್ಟರಲ್ಲಿ ಹೊರಗೆ ಗಡಗಡ ಸದ್ದಾಯಿತು. ಕಡಲಪಾಚಿ ಸಾಗಿಸುವ ಕೈಗಾಡಿಯನ್ನು ಹಿಸಾಯೊ ಮುಂದೆ ಎಳೆಯುತ್ತಿದ್ದಳು, ಚಿಪ್ಪು ತೆಗೆಯುವ ಹೆಂಗಸರು ಹಿಂದೆ ತಳ್ಳುತ್ತಿದ್ದರು. ಚಳಿಗಾಲದ ದಪ್ಪ ರಜಾಯಿ ಸುತ್ತಿದ ಟಿವಿಯನ್ನು ನಾಲ್ವರು ಸೇರಿ ಎತ್ತಿ ತಂದು ಮೇಯರ್ ಮುಂದಿನ ಮೇಜಿನ ಮೇಲೆ ಇಟ್ಟರು.

"ಇದೇನು ಅಜ್ಜಿ?" ಎಂದು ನಿಶಿವಾಕಿ ಓಡಿ ಬಂದ.

"ಮೂಲ ತಾ ಅಂದ್ಯಲ್ಲಪ್ಪ, ತಂದಿದೀನಿ. ಪ್ಲಗ್ ಎಲ್ಲಿದೆ?"

ಅಲ್ಲಿ ಇದ್ದದ್ದು ಒಂದೇ ಪ್ಲಗ್. ಅದರಲ್ಲಿ ಮೇಯರ್ ಮೈಕಿನ ತಂತಿ ಇತ್ತು. ಹಿಸಾಯೊ ಅದನ್ನು ಕಿತ್ತು ಟಿವಿಯ ತಂತಿ ಚುಚ್ಚಿದಳು. ಪರದೆ ಕಪ್ಪಗೇ ಇತ್ತು. ಗೋಡೆ ಹಿಡಿದು ನಿಂತ ಗಿಂಜೋ ಕಣ್ಣು ಮುಚ್ಚಿಕೊಂಡ. ಹತ್ತು ಉಸಿರಿನಷ್ಟು ಹೊತ್ತಾದ ಮೇಲೆ ಮೂಲೆಯಲ್ಲಿ ಬೆಳಕು ಕಾಣಿಸಿತು. ಆಮೇಲೆ ಎಂಟು ವರ್ಷ ಚಿಕ್ಕವರಾದ, ತಲೆತುಂಬ ಕಪ್ಪು ಕೂದಲಿದ್ದ ಹೊಸೊಮಿ ಪರದೆಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನಿಲ್ಲಿಸಿ! ಸಭೆಗೊಂದು ಮರ್ಯಾದೆ ಇದೆ!" ಎಂದು ಮೇಜಿನ ಹಿಂದಿನ ಹೊಸೊಮಿ ಕೂಗಿದರು. ಮೈಕಿಲ್ಲದ ಅವರ ದನಿ ಎರಡನೇ ಸಾಲಿಗೂ ಮುಟ್ಟಲಿಲ್ಲ.

ಹಿಸಾಯೊ ಅವರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

"ಶ್... ಸುಮ್ಮನಿರಿ. ಮೇಯರ್ ಮಾತಾಡ್ತಿದಾರೆ."