ಸಿನಿಮಾದ ಸಿಪಾಯಿ

“ಆ ಸಿಪಾಯಿ ಹುಡುಗ ಕಡೀಗೆ ಮನಿಗೆ ಬಂದ್ನೇನು ತಮ್ಮಾ?” ಎಂದು ಈರಮ್ಮ ಕೇಳಿದಾಗ, ಹೊಲಿಗೆ ಮಷೀನು ತುಳಿಯುತ್ತಿದ್ದ ಮರಿಬಸಪ್ಪನ ಕಾಲು ತಟ್ಟನೆ ನಿಂತಿತು.

ಅಲ್ಲಿಯವರೆಗೆ ಅವನು ಹುರುಪಿನಿಂದಲೇ ಮಾತಾಡುತ್ತಿದ್ದ. ಹಿಂದಿನ ದಿನ ಬಳ್ಳಾರಿಗೆ ಹೋಗಿ ಎರಡು ಸಿನಿಮಾ ನೋಡಿಕೊಂಡು ಬಂದಿದ್ದ. “ಚಂದ್ರಲೋಕದ್ದು ಬರೀ ಸುಳ್ಳವ್ವ, ರಾಕೆಟ್ಟು ಸೀಮೆಎಣ್ಣಿ ಡಬ್ಬಿ ಇದ್ದಂಗೈತಿ. ಯುದ್ಧದ್ದು ಮಾತ್ರ, ಒಬ್ಬ ಸಿಪಾಯಿ ಹುಡುಗಂದು, ಖರೇನ ನಡದಂಗೈತಿ,” ಎಂದಿದ್ದ. ಸಿನಿಮಾದ ವಿಷಯದಲ್ಲಿ ಅವನು ಹೇಳಿದ್ದನ್ನು ಇಡೀ ಕುರುಗೋಡು ನಂಬುತ್ತಿತ್ತು. ಆದರೆ ಅದು ಎಪ್ಪತ್ತೊಂದರ ಡಿಸೆಂಬರ್. ಗಡಿಯಲ್ಲಿದ್ದ ಈರಮ್ಮನ ಮಗ ಸುಂಕಪ್ಪನಿಂದ ಕಾಗದ ಬಾರದೆ ಇಪ್ಪತ್ತು ದಿನವಾಗಿತ್ತು.

“ಬಂದ್ನವ್ವ,” ಎಂದ ಮರಿಬಸಪ್ಪ, ಸೂಜಿಗೆ ದಾರ ಪೋಣಿಸುತ್ತ. “ಕೈಗೊಂದು ಪಟ್ಟಿ ಕಟ್ಟಿಕೊಂಡು ನಕ್ಕೋತ ಬಂದ.” ದಾರ ಎರಡು ಸಲ ತಪ್ಪಿತು.

“ಹಂಗಾರ ನಾಳಿ ನನ್ನೂ ಕರಕೊಂಡು ಹೋಗು. ಅವ ಬರೋದು ನಾನೂ ನೋಡ್ತೀನಿ.”

ಮರಿಬಸಪ್ಪ ತಲೆ ಎತ್ತಲಿಲ್ಲ. ಈರಮ್ಮ ಅವನ ಮುಖವನ್ನೇ ನೋಡುತ್ತ ಕಾದಳು. ಅಂಚೆಯವನ ಸೈಕಲ್ಲು ಅಂಗಡಿಯ ಮುಂದೆ ಬಂದು, ನಿಲ್ಲದೆ ಹಾದುಹೋಯಿತು. ಇಬ್ಬರೂ ಅದು ತಿರುವು ದಾಟುವವರೆಗೆ ನೋಡಿದರು.

“ಸತ್ತನೇನು?” ಎಂದಳು ಅವಳು.

ಅವನು ದಾರ ಕೆಳಗಿಟ್ಟು ಹೂಂ ಎಂದ.

ಈರಮ್ಮ ಮಷೀನಿನ ಮೇಲೆ ಕೈ ಊರಿ ಎದ್ದಳು. “ನನಗ ಓದಾಕ ಬರಂಗಿಲ್ಲ. ಸುಂಕಪ್ಪನ ಕಾಗದ ಓದಿ ಹೇಳಾಂವ ನೀನೊಬ್ಬನ. ಸಿನಿಮಾದ್ದು ಹೋಗ್ಲಿ ಬಿಡು. ನಾಳಿ ನನ್ನ ಮನಿಗೆ ತಂತಿ ಬಂದ್ರ, ಹಿಂಗ ಓದಬ್ಯಾಡಪ್ಪ.”