ಹಾಡಿನೊಳಗಿನ ಕೆಮ್ಮು

ಹುಡುಗಿ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದಳು. ಕಿವಿಯೊಳಗೆ ಓಡುತ್ತಿದ್ದ ಹಾಡಿನಲ್ಲಿ ಅಜ್ಜಿ ಕೆಮ್ಮಿದ್ದಳು.

ಆ ಹಾಡು ಹಾಕಿದವನು ಯಾರೋ ಬೆಳ್ಳಿ ಮುಖವಾಡದವನು. ಹಿಂದಿನ ದಿನವಷ್ಟೇ ಅವಳು ಧೈರ್ಯ ಮಾಡಿ, ಹೆಸರು ಮರೆಸಿ, ತಾನೇ ಕಟ್ಟಿದ ಒಂದು ‘ಹೌಸ್’ ಬಗೆಯ ಕುಣಿತದ ಹಾಡನ್ನು ಆ್ಯಪಿಗೆ ಏರಿಸಿದ್ದಳು. ಅದರ ಕೆಳಗೆ ಆ್ಯಪು ತಾನಾಗಿಯೇ ‘ಇದೇ ಬಗೆಯ ಕಲಾವಿದರು’ ಎಂದು ಒಂದು ಸಾಲು ಮುಖಗಳನ್ನು ತೋರಿಸಿತು. ಮೊದಲನೆಯವನೇ ಈತ, ಕೇಳುಗರು ಲಕ್ಷಗಟ್ಟಲೆ. ನನ್ನಂಥವರೂ ಲೋಕದಲ್ಲಿದ್ದಾರಲ್ಲ ಎಂದು ಹಿಗ್ಗಿ ಒತ್ತಿದಳು.

ಒತ್ತಿದರೆ ಇದೇ ಹೊಲಿಗೆ ಯಂತ್ರದ ಟಕಟಕ. ಇದೇ ಮನೆಯ ಬಾಗಿಲ ಕಿರುಗುಟ್ಟು. ತಾಳ ಬೀಳುವ ಜಾಗಕ್ಕೆ ಸರಿಯಾಗಿ ಅಜ್ಜಿಯ ಕೆಮ್ಮು. ಅಜ್ಜಿ ಬದುಕಿದ್ದಾಗ ಫೋನಿಗೆ ಸದ್ದು ಹಿಡಿಯುತ್ತಿದ್ದರೆ ನಡುವೆ ನುಸುಳಿದ್ದು ಅದು. ಅಳಿಸಲು ಹೋಗಿ, ಅಷ್ಟು ಚೆನ್ನಾಗಿ ಕೂತಿದೆಯಲ್ಲ ಎಂದು ತನ್ನ ಹಾಡಿನಲ್ಲಿ ಉಳಿಸಿಕೊಂಡಿದ್ದಳು. ಈಗ ಅವಳ ಹಾಡಿನ ಕೆಳಗೆ ಯಾರೋ ಬರೆದಿದ್ದರು: ‘ಶುದ್ಧ ನಕಲು. ಕೆಮ್ಮನ್ನೂ ಬಿಟ್ಟಿಲ್ಲ.’

ಮುಖವಾಡದವನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ಕಪ್ಪು ಅಂಗಿ. ಬಟ್ಟೆ ಸಾಲದೆ ಕಾಲರಿನ ತುದಿಗೆ ಬೂದು ತುಂಡು ಸೇರಿಸಿ ಭಾವನಿಗೆ ಹೊಲಿದುಕೊಟ್ಟವಳು ತಾನೇ. ಫೋನು ನಿಧಾನವಾಗಿದೆ, ಸರಿಮಾಡಿ ಕೊಡ್ತೀನಿ ಎಂದು ಭಾವ ಅದನ್ನು ಒಂದು ವಾರ ಇಟ್ಟುಕೊಂಡಿದ್ದ.

ಭಾವ ಮುಂದಿನ ಕೋಣೆಯಲ್ಲಿ ಸ್ಪೀಕರಿನ ವೈರು ಸುತ್ತುತ್ತಾ ಕೂತಿದ್ದ. ಅವಳು ಎದುರು ನಿಂತಳು. ಈ ಮನೆಯಲ್ಲಿ ಅವಳು ದನಿ ಎತ್ತಿದವಳೇ ಅಲ್ಲ.

“ಭಾವ, ಇದು ನಂದು.”

ಅವನು ಪರದೆಯ ಕಡೆ ನೋಡಿದ. ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ವೈರು ಸುತ್ತಿತು. “ಅಯ್ಯೋ ಹುಚ್ಚಿ, ಈ ಹಾಡುಗಳೆಲ್ಲ ಇರೋದೇ ಒಂದೇ ಥರ. ದಡ್ ದಡ್ ದಡ್. ಅದೇನು ನಿಮ್ಮಪ್ಪ ಬರೆದುಕೊಟ್ಟ ಆಸ್ತಿನಾ?”

“ಆ ಅಂಗಿ ನಾನೇ ಹೊಲಿದದ್ದು.”

ಅಡುಗೆಮನೆಯಿಂದ ಅಕ್ಕನ ಮಾತು ತೂರಿಬಂತು. ಅಂಗಡಿಯಲ್ಲಿ ಅಂಥವು ಸಾವಿರ ಸಿಗುತ್ತವೆ, ಭಾವನ ಮೇಲೆ ಗೂಬೆ ಕೂರಿಸಬೇಡ ಎಂದಳು. “ಉಂಡ ಮನೆ ಜಂತೆ ಎಣಿಸೋದು ಯಾವಾಗ ಕಲಿತೆ ನೀನು?”

ಇನ್ನೊಂದು ಮಾತಾಡಿದರೆ ತಲೆಯ ಮೇಲಿನ ಸೂರೂ ಹೋದೀತು. ಹುಡುಗಿ ಫೋನಿನಿಂದ ಇಯರ್‌ಫೋನ್ ಕಿತ್ತಳು, ಅಷ್ಟೇ. ಹಾಡು ಮನೆ ತುಂಬಿತು. ಯಂತ್ರ, ಬಾಗಿಲು, ಮತ್ತೆ ಯಂತ್ರ. ಭಾವ ಕಾಲಲ್ಲಿ ತಾಳ ಹಾಕುತ್ತಾ ನಕ್ಕ. ಆಮೇಲೆ ಆ ಒಣಕೆಮ್ಮು, ಎರಡು ಸಲ.

“ಬಂದೆ ಅಜ್ಜಿ, ಬಂದೆ.”

ನೀರಿನ ಲೋಟ ಹಿಡಿದು ಅಕ್ಕ ದಡಬಡನೆ ಓಡಿಬಂದಳು. ಬಂದವಳು ಕಿಟಕಿಯ ಪಕ್ಕದ ಅಜ್ಜಿಯ ಮಂಚದ ಮುಂದೆ ನಿಂತಳು. ಮಂಚದ ಮೇಲೆ ಇಸ್ತ್ರಿಗೆ ಮಡಿಸಿಟ್ಟ ಬಟ್ಟೆ ಮಾತ್ರ ಇತ್ತು. ಅಜ್ಜಿ ಹೋಗಿ ವರ್ಷ ಕಳೆದಿತ್ತು.

ಹಾಡು ಓಡುತ್ತಲೇ ಇತ್ತು. ಕೆಮ್ಮು ಮತ್ತೆ ಬಂತು. ಅಕ್ಕ ತಂಗಿಯ ಕೈಯ ಪರದೆಯಲ್ಲಿದ್ದ ಕಪ್ಪು ಅಂಗಿಯನ್ನು ನೋಡಿದಳು. ಭಾವನ ಕಾಲು ಯಾವಾಗಲೋ ನಿಂತುಹೋಗಿತ್ತು.

ಅಕ್ಕ ಮೆಲ್ಲಗೆ ತಿರುಗಿ ಲೋಟವನ್ನು ಗಂಡನ ಮುಂದೆ ಇಟ್ಟಳು.

“ನೀವೇ ಕುಡೀರಿ.”